ಮಾರಿದ ಮೇಲೂ ಬೀರುವಿನಲ್ಲಿ ಉಳಿದ ಕವರ್‌ಗಳು: ಹಾಸನದ ಒಂದು ಹಳೇ ಕಾರಿನ ಅಂಗಡಿಗೆ ವೆಬ್‌ಸೈಟ್, ಸಾಫ್ಟ್‌ವೇರ್ ಆರಿಸಿದ ಪ್ರಕರಣ

ಆಷಾಢ ಬಂದರೆ ಹಾಸನದ ಕಡೆ ಗಾಡಿ ವ್ಯಾಪಾರ ಮಲಗಿಬಿಡುತ್ತದೆ. ಹೊಸದಾಗಲಿ ಹಳೆಯದಾಗಲಿ, ಆ ತಿಂಗಳು ಮನೆಗೆ ಗಾಡಿ ತರುವವರು ಕಡಿಮೆ. 2024ರ ಅಂಥದ್ದೇ ಒಂದು ಮಳೆಯ ಮಧ್ಯಾಹ್ನ ಬಿ.ಎಂ. ರಸ್ತೆಯ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯ ಯಜಮಾನರು ಫೋನ್ ಮಾಡಿದರು. "ಮೇಡಂ, ಒಂದ್ ವೆಬ್‌ಸೈಟ್ ಮಾಡಿಸ್ಬೇಕು ಅಂತ ಇದೀವಿ. ಎರಡ್ ಕೊಟೇಶನ್ ಬಂದೈತೆ, ಬಂದು ಸ್ವಲ್ಪ ನೋಡಿ."

ವೆಬ್‌ಸೈಟ್ ಮಾಡುವುದು ನನ್ನ ಕೆಲಸವಲ್ಲ. ಊರಿನ ಹತ್ತಾರು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಈ ಅಂಗಡಿಯ ಲೆಕ್ಕವೂ ಆರು ವರ್ಷದಿಂದ ನನ್ನ ಬಳಿಯೇ ಇದೆ. ಅಂಗಳದಲ್ಲಿ ಸಾಮಾನ್ಯವಾಗಿ ಇಪ್ಪತ್ತು ಗಾಡಿ ನಿಂತಿರುತ್ತವೆ. ಯಜಮಾನರು ಮೊದಲು ಮೆಕ್ಯಾನಿಕ್ ಆಗಿದ್ದವರು, ಎಂಜಿನ್ ಸದ್ದು ಕೇಳಿಯೇ ಬೆಲೆ ಕಟ್ಟುತ್ತಾರೆ. ಹಣಕಾಸು, ಕಾಗದ ಪತ್ರ ನೋಡಿಕೊಳ್ಳುವವರು ಅವರ ಹೆಂಡತಿ. ಪಿಯುಸಿಯಲ್ಲಿ ಕಾಮರ್ಸ್ ಓದಿದ ಆಕೆಯ ಡೈರಿಯಲ್ಲಿ ಬರವಣಿಗೆ ಅಚ್ಚು ಹೊಡೆದಂತಿರುತ್ತದೆ. ಫೋಟೊ ತೆಗೆಯಲು, ಗಾಡಿ ತೊಳೆಯಲು, ಟ್ರಯಲ್ ಕೊಡಲು ಒಬ್ಬ ಹುಡುಗ ಇದ್ದಾನೆ.

ಮೇಜಿನ ಮೇಲಿದ್ದ ಮೊದಲ ಕೊಟೇಶನ್ ಹಳೇ ಕಾರು ವ್ಯಾಪಾರಿಗಳಿಗೆಂದೇ ಮಾಡಿದ ಸಿದ್ಧ ಸಾಫ್ಟ್‌ವೇರ್‌ನದು. ವೆಬ್‌ಸೈಟೂ ಅದರ ಜೊತೆಗೇ ಬರುತ್ತದೆ, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಎರಡನೆಯದು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಅಂಗಡಿಗೆ ತಕ್ಕಂತೆ ಸೈಟ್ ಕಟ್ಟಿಕೊಡುವ ಲೆಕ್ಕ, ಒಂದೇ ಸಲದ ದೊಡ್ಡ ಮೊತ್ತ. ಎರಡರ ಚಿತ್ರಗಳೂ ಚೆನ್ನಾಗಿದ್ದವು. ಯಜಮಾನರ ಮನಸ್ಸು ಮೊದಲನೆಯದರ ಕಡೆಗೆ ವಾಲಿತ್ತು.

ನಾನು ಆ ದಿನ ಹೂಂ ಅನ್ನಲಿಲ್ಲ. ಬೀರುವಿನ ಬಾಗಿಲು ತೆಗೆಸಿದೆ.

ಬೀರುವಿನಲ್ಲಿ ಇದ್ದದ್ದು

ಕಂದು ಕವರ್‌ಗಳು. ಒಂದೊಂದು ಗಾಡಿಗೆ ಒಂದೊಂದು. ಮಾರಾಟವಾಗಿ, ಹಣ ಬಂದು, ಗಾಡಿ ಹೋದ ಮೇಲೂ ಆರ್‌ಸಿ ಹೊಸಬರ ಹೆಸರಿಗೆ ಆಗದೆ ಉಳಿದವು. ಆಕೆ ಮತ್ತು ನಾನು ಕೂತು ಎಣಿಸಿದೆವು, 31 ಇದ್ದವು. ಹನ್ನೆರಡರಲ್ಲಿ ಬ್ಯಾಂಕಿನ ಎಚ್‌ಪಿ, ಅಂದರೆ ಗಾಡಿಯ ಮೇಲೆ ಸಾಲವಿದೆ ಎಂಬ ಆರ್‌ಸಿಯ ನಮೂದು, ತೆಗೆದಿರಲಿಲ್ಲ. ಸಾಲ ತೀರಿತ್ತು, ಆ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬಂದಿರಲಿಲ್ಲ, ಬಂದವುಗಳ ಪೈಕಿ ಕೆಲವಕ್ಕೆ ಅವಧಿ ಮುಗಿದಿತ್ತು. ಒಂಬತ್ತರಲ್ಲಿ ಕೊಂಡವರು ಸಹಿ ಹಾಕಲು ಬಂದಿರಲಿಲ್ಲ. ಆರು ಹೊರರಾಜ್ಯದ ಗಾಡಿಗಳು, ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರವಾದ ಫಾರಂ 28ಕ್ಕೆ ಕಾಯುತ್ತಿದ್ದವು. ಉಳಿದ ನಾಲ್ಕಕ್ಕೆ ಕಾರಣವೇ ಇರಲಿಲ್ಲ, ಮರೆತುಹೋಗಿದ್ದವು.

ಆಕೆ ನಾಲ್ಕನೇ ಕವರ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. "ಅಕ್ಕಾ, ಇದು ಸಕಲೇಶಪುರದ ಆ ತೋಟದವರದ್ದು. ಹೋದ ತಿಂಗಳು ಬಂದು ಬೈದು ಹೋದ್ರಲ್ಲ" ಎಂದರು. ಗಾಡಿ ಮಾರಿ ಎಂಟು ತಿಂಗಳಾದ ಮೇಲೆ ಆ ಹಿರಿಯರ ಫೋನಿಗೆ ಬೆಂಗಳೂರಿನ ಟ್ರಾಫಿಕ್ ದಂಡದ ಸಂದೇಶ ಬಂದಿತ್ತು. ಅವರು ಬೈದದ್ದರಲ್ಲಿ ತಪ್ಪಿಲ್ಲ. ದಂಡ ಐನೂರೋ ಸಾವಿರವೋ, ಕಟ್ಟಿದರೆ ಮುಗಿಯಿತು. ಅದೇ ಗಾಡಿ ಅಪಘಾತ ಮಾಡಿದ್ದರೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಕೈ ಬದಲಾಗಿದೆ ಎಂದರೂ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಂಗಡಿಯನ್ನು ನಂಬಿ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಕೊಟ್ಟು ಹೋದವರ ತಲೆಯ ಮೇಲೆ ನಾವು ಇಟ್ಟ ಭಾರ ಅದು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ನಮ್ಮ ಬೀರುವಿನಲ್ಲಿ ಎರಡು ವರ್ಷದ ಹಳೆಯ ಕವರ್ ಕೂಡ ಇತ್ತು.

ನನ್ನ ಅಭಿಪ್ರಾಯ ಅಲ್ಲಿಯೇ ಗಟ್ಟಿಯಾಯಿತು. ಈ ಅಂಗಡಿಗೆ ಗಿರಾಕಿಯ ಕೊರತೆ ಇರಲಿಲ್ಲ. ಕಾಫಿ ಕೊಯ್ಲು ಮುಗಿದ ಫೆಬ್ರವರಿ, ಮಾರ್ಚ್‌ನಲ್ಲಿ ತೋಟದವರು ಬರುತ್ತಾರೆ, ಶುಂಠಿಗೆ ರೇಟು ಸಿಕ್ಕ ವರ್ಷ ಆಲೂರು, ಅರಕಲಗೂಡು ಕಡೆಯವರು ಬರುತ್ತಾರೆ, ಆಯುಧಪೂಜೆಗೆ ಊರಿಗೆ ಊರೇ ಬರುತ್ತದೆ. ಗಾಡಿ ಗೇಟು ದಾಟಿದ ಮೇಲಿನ ಕೆಲಸವೇ ಕೊರತೆಯಾಗಿದ್ದದ್ದು. ಇಬ್ಬರ ಕೊಟೇಶನ್‌ನಲ್ಲೂ ಗಾಡಿ 'ಸೋಲ್ಡ್' ಆದ ಕೂಡಲೇ ಪಟ್ಟಿಯಿಂದ ಮಾಯವಾಗುತ್ತಿತ್ತು. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿಂದ.

ಸಿದ್ಧ ಸಾಫ್ಟ್‌ವೇರ್ ಯಾಕೆ ಬೇಡವಾಯಿತು

ಡೆಮೊ ತೋರಿಸಲು ಬಂದ ಹುಡುಗ ವಿನಯವಂತ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದ. ನಾನು ಅವನ ಮುಂದೆ ಒಂದು ಆಲ್ಟೊ ಕಾರಿನ ಲೆಕ್ಕ ಇಟ್ಟೆ. ಕೊಂಡದ್ದು 2,10,000ಕ್ಕೆ. ಟಿಂಕರಿಂಗ್, ಪೇಂಟ್, ಎರಡು ಟೈರ್ ಸೇರಿ ಖರ್ಚು 22,000. ತೆರಿಗೆಗೆ ಮುಂಚಿನ ಮಾರಾಟದ ಬೆಲೆ 2,70,000. ಬಿಲ್ ಮಾಡಿ ತೋರಿಸಪ್ಪ ಎಂದೆ. ಸಾಫ್ಟ್‌ವೇರ್ ಪೂರ್ತಿ 2,70,000ದ ಮೇಲೆ ತೆರಿಗೆ ಹಾಕಿತು.

ಹಳೇ ವಾಹನಕ್ಕೆ ಹಾಗಲ್ಲ. ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಎಂದು ಮುರಿದುಕೊಂಡಿಲ್ಲದಿದ್ದರೆ, 2018ರ ಜನವರಿಯ ಅಧಿಸೂಚನೆಯಿಂದ ಇತ್ತ ತೆರಿಗೆ ಬೀಳುವುದು ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ಅಂತರಕ್ಕೆ ಮಾತ್ರ. ನಮ್ಮ ಆಲ್ಟೊಗೆ ಆ ಅಂತರ 60,000. ಸಣ್ಣ ಕಾರಿಗೆ ಆಗ ಶೇ 12 ಇತ್ತು, ಅಂದರೆ 7,200. ಸಾಫ್ಟ್‌ವೇರ್ ಕೇಳಿದ್ದು 32,400. ಇನ್ನೊಂದು ಸೂಕ್ಷ್ಮವೂ ಇದೆ. ರಿಪೇರಿಗೆ ಹೋದ 22,000ವನ್ನು ತೆರಿಗೆಯ ಅಂತರದಿಂದ ಕಳೆಯುವಂತಿಲ್ಲ, ಆದರೆ ನಿಜವಾದ ಲಾಭ ತಿಳಿಯಬೇಕಾದರೆ ಕಳೆಯಲೇಬೇಕು. ಒಂದು ಗಾಡಿಗೆ 60,000 ಒಂದು ಲೆಕ್ಕ, 38,000 ಇನ್ನೊಂದು ಲೆಕ್ಕ. ಎರಡನ್ನೂ ಬೇರೆ ಬೇರೆಯಾಗಿ ಹಿಡಿದಿಡದ ಸಾಫ್ಟ್‌ವೇರ್ ಈ ವ್ಯಾಪಾರಕ್ಕೆ ಆಗಿಬರುವುದಿಲ್ಲ.

ಅದರ ಮೇಲೆ ಪಾರ್ಕ್ ಅಂಡ್ ಸೇಲ್. ಅಂಗಳದ ಇಪ್ಪತ್ತರಲ್ಲಿ ಅರ್ಧಕ್ಕರ್ಧ ಅಂಗಡಿಯ ಸ್ವಂತ ಗಾಡಿಗಳಲ್ಲ, ಮಾಲೀಕರು ಮಾರಿಕೊಡಿ ಎಂದು ನಿಲ್ಲಿಸಿ ಹೋದವು. ಅವುಗಳಲ್ಲಿ ಅಂಗಡಿಗೆ ಬರುವುದು ಕಮಿಷನ್. ತೆರಿಗೆಯೂ ಕಮಿಷನ್ನಿನ ಮೇಲೆ, ಸೇವೆ ಎಂಬ ಲೆಕ್ಕದಲ್ಲಿ. ಸ್ವಂತ ಗಾಡಿಯನ್ನೂ ನಿಲ್ಲಿಸಿದ ಗಾಡಿಯನ್ನೂ ಒಂದೇ ಪಟ್ಟಿಯಲ್ಲಿ ಒಂದೇ ಬಗೆಯಲ್ಲಿ ಬರೆದರೆ ವರ್ಷದ ಕೊನೆಗೆ ನಾನು ಅಳಬೇಕು. ಡೆಮೊ ಹುಡುಗ ಅದನ್ನು ಬರೆದುಕೊಂಡು ಹೋದ.

ಕೊನೆಯದಾಗಿ ಕೇಳಿದ್ದು, ನಾಳೆ ನಾವು ಬಿಟ್ಟು ಹೋದರೆ ನಮ್ಮ ಗಾಡಿಗಳ ಪಟ್ಟಿ, ಗಿರಾಕಿಗಳ ಪಟ್ಟಿ ಎಕ್ಸೆಲ್‌ನಲ್ಲಿ ಕೈಗೆ ಕೊಡುತ್ತೀರಾ ಎಂದು. ಪಿಡಿಎಫ್ ಮಾತ್ರ ಬರುತ್ತದೆ ಎಂಬ ಉತ್ತರ ಬಂತು. ನನಗೆ ಅಷ್ಟೇ ಸಾಕಾಯಿತು. ಯಜಮಾನರು ಅರ್ಧ ಮನಸ್ಸಿನಿಂದ, "ತಿಂಗಳಿಗೆ ಬಾಡಿಗೆ ಅಷ್ಟೇನಿಲ್ವಲ್ಲ ಮೇಡಂ" ಅಂದರು. ಆಷಾಢದಲ್ಲೂ ಕಟ್ಟಬೇಕಲ್ಲ ಅಣ್ಣಾ ಎಂದೆ. ಸುಮ್ಮನಾದರು.

ಹಳೆಯ ವೆಬ್‌ಸೈಟ್‌ನ ಕಥೆ

ಈ ಅಂಗಡಿಗೆ ಮೊದಲೇ ಒಂದು ವೆಬ್‌ಸೈಟ್ ಇತ್ತು ಎಂಬುದು ನನಗೆ ಗೊತ್ತಾದದ್ದು ಆಗಲೇ. 2021ರಲ್ಲಿ ಪರಿಚಯದ ಒಬ್ಬರು ಮಾಡಿಕೊಟ್ಟಿದ್ದರು. ಡೊಮೈನ್, ಅಂದರೆ ಸೈಟಿನ ವಿಳಾಸವನ್ನು, ತಮ್ಮದೇ ಹೆಸರು, ತಮ್ಮದೇ ಇಮೇಲ್‌ನಲ್ಲಿ ತೆಗೆದುಕೊಂಡಿದ್ದರು. ಊರು ಬಿಟ್ಟರು, ನಂಬರ್ ಬದಲಾಯಿತು, ನವೀಕರಣ ಆಗಲಿಲ್ಲ. ಅಂಗಡಿಯ ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಗಾಡಿಯ ಹಿಂದಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್‌ನಲ್ಲಿ ಇಂದಿಗೂ ಆ ವಿಳಾಸ ಇದೆ, ತೆರೆದರೆ ಏನೂ ಇಲ್ಲ. ಅವರಿಗೆ ಮೋಸ ಮಾಡುವ ಉದ್ದೇಶ ಇತ್ತು ಅಂತ ನಾನು ನಂಬುವುದಿಲ್ಲ. ಆದರೆ ಜಾಗದ ಖಾತೆ ಮೇಸ್ತ್ರಿಯ ಹೆಸರಿನಲ್ಲಿರಲಿ ಅಂತ ಯಾರಾದರೂ ಮನೆ ಕಟ್ಟಿಸುತ್ತಾರೆಯೇ?

ಆದ್ದರಿಂದ ಹೊಸ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಮಾಡಿದ್ದು ಇದು: ಅಂಗಡಿಗೆಂದೇ ಒಂದು ಇಮೇಲ್, ಒಂದು ಹೊಸ ಸಿಮ್, ಅದರ ಮೇಲೆ .ಇನ್ ಡೊಮೈನ್. ಹಣ ಅಂಗಡಿಯ ಖಾತೆಯಿಂದ ಹೋಯಿತು, ರಸೀದಿ ಯಜಮಾನರ ಹೆಸರಿಗೆ ಬಂತು. ಪಾಸ್‌ವರ್ಡ್ ಬರೆದ ಚೀಟಿ ಲಕೋಟೆಯಲ್ಲಿ, ಲಕೋಟೆ ಆಕೆಯ ಬೀರುವಿನಲ್ಲಿ. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತಿದ್ದೇವೆ. ಉಚಿತವಾಗಿ ಸಿಗುವ ಸೈಟ್ ಸಾಲದೇ ಎಂದು ಯಜಮಾನರ ಭಾಮೈದ ಕೇಳಿದ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಮಾಡಿಕೊಳ್ಳುತ್ತಿದ್ದ ಉಚಿತ ಸೈಟ್‌ಗಳನ್ನು ಆ ಕಂಪನಿ 2024ರ ಮಾರ್ಚ್‌ನಲ್ಲೇ ನಿಲ್ಲಿಸಿತ್ತು, ಅದನ್ನೇ ನೆನಪಿಸಿದೆ. ಪ್ರೊಫೈಲ್ ಮಾತ್ರ ಇದೆ, ಅದು ಬೇಕೇ ಬೇಕು. ಬೇಲೂರಿನಿಂದ ಬರುವವರು ನಕ್ಷೆ ನೋಡಿಕೊಂಡೇ ಬರುತ್ತಾರೆ.

ಕೊನೆಗೆ ಆರಿಸಿದ್ದು

ಗೂಗಲ್ ಶೀಟ್. ಕೇಳಿ ಯಜಮಾನರ ಮುಖ ಸಪ್ಪಗಾಯಿತು. ಎರಡು ಕೊಟೇಶನ್‌ನ ಬಣ್ಣದ ಚಿತ್ರಗಳ ಮುಂದೆ ಅದು ಬಡಪಾಯಿಯಂತೆ ಕಂಡಿರಬೇಕು. ಆದರೆ ಆಕೆಯ ಡೈರಿಯ ಪುಟ ಹೇಗಿತ್ತೋ ಶೀಟ್ ಹಾಗೆಯೇ ಇರುವಂತೆ ನಾವಿಬ್ಬರೂ ಮೂರು ಸಂಜೆ ಕೂತು ಮಾಡಿದೆವು. ಯಾವ ಅಂಕಣ ಎಲ್ಲಿರಬೇಕು ಎಂಬುದನ್ನು ಆಕೆಯೇ ಹೇಳಿದರು. ಲೆಕ್ಕಕ್ಕೆ ನನ್ನ ಬಳಿ ಇದ್ದ ಟ್ಯಾಲಿ ಸಾಫ್ಟ್‌ವೇರ್ ಹಾಗೆಯೇ ಮುಂದುವರಿಯಿತು. ಗಿರಾಕಿಗಳ ಜೊತೆ ಮಾತಿಗೆ ವಾಟ್ಸ್‌ಆ್ಯಪ್ ಬಿಸಿನೆಸ್. ಅದರ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಹಾಕಬಹುದು, ನಮಗೆ ಇಪ್ಪತ್ತು ಸಾಕು. ವೆಬ್‌ಸೈಟ್ ಮಾತ್ರ ಹೊಸದು, ಅದೂ ತೀರ ಸಣ್ಣದು. ಊರಿನಲ್ಲೇ ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ವಾರದಲ್ಲಿ ಮಾಡಿಕೊಟ್ಟಳು.

ಈ ಎಲ್ಲದರ ಬೆನ್ನೆಲುಬು ಒಂದೇ ಕಟ್ಟುಪಾಡು. ಗಾಡಿಯ ವಿಷಯ ಬರೆಯುವುದು ಒಂದೇ ಜಾಗದಲ್ಲಿ, ಶೀಟ್‌ನಲ್ಲಿ. ವೆಬ್‌ಸೈಟ್ ಅಲ್ಲಿಂದ ಓದಿಕೊಳ್ಳುತ್ತದೆ. ಆ ಮೊದಲು ಒಂದೇ ಸ್ವಿಫ್ಟ್ ಗಾಡಿಗೆ ಒಎಲ್‌ಎಕ್ಸ್‌ನಲ್ಲಿ ಒಂದು ಬೆಲೆ, ಫೇಸ್‌ಬುಕ್‌ನಲ್ಲಿ ಇನ್ನೊಂದು, ಯಜಮಾನರ ಬಾಯಲ್ಲಿ ಮತ್ತೊಂದು ಇರುತ್ತಿತ್ತು. ಮಾರಿಹೋದ ಗಾಡಿ ನೋಡಲು ಚನ್ನರಾಯಪಟ್ಟಣದಿಂದ ಮನೆಮಂದಿಯೆಲ್ಲ ಬಂದು ಬರಿಗೈಲಿ ಹೋದದ್ದೂ ಉಂಟು. ಅಂಥವರು ಮತ್ತೆ ಬರುವುದಿಲ್ಲ.

ಶೀಟ್ ಮಾಡುವಾಗ ಅತಿ ಹೆಚ್ಚು ಹೊತ್ತು ಹಿಡಿದದ್ದು ಒಂದು ಸಣ್ಣ ಪ್ರಶ್ನೆ: ಒಂದು ಗಾಡಿಯ ಗುರುತು ಯಾವುದು? ಗಾಡಿ ನಂಬರ್ ಅಂದುಕೊಂಡೆವು. ಆದರೆ ಹೊರರಾಜ್ಯದ ಗಾಡಿ ಇಲ್ಲಿಗೆ ಬಂದು ಹಾಸನದ ಕೆಎ 13 ಆದರೆ ನಂಬರ್ ಬದಲಾಗುತ್ತದೆ. ಚಾಸಿ ನಂಬರ್ ಬದಲಾಗುವುದಿಲ್ಲ, 17 ಅಕ್ಷರದ ಅದೇ ಸರಿ ಎಂದುಕೊಂಡೆವು. ಅಷ್ಟರಲ್ಲಿ ಆಕೆ ಒಂದು ಇನ್ನೋವಾ ನೆನಪಿಸಿದರು. ಇವರೇ ಮಾರಿದ ಗಾಡಿ, ಎರಡು ವರ್ಷ ಬಿಟ್ಟು ಇವರ ಅಂಗಳಕ್ಕೇ ಮಾರಾಟಕ್ಕೆ ಬಂದಿತ್ತು. ಒಂದೇ ಚಾಸಿಗೆ ಎರಡು ಕೊಂಡ ಬೆಲೆ, ಎರಡು ಮಾರಿದ ಬೆಲೆ. ಹಾಗಾಗಿ ಗಾಡಿ ಅಂಗಳಕ್ಕೆ ಬಂದ ಪ್ರತಿ ಸಲಕ್ಕೂ ಅಂಗಡಿಯದೇ ಒಂದು ಸ್ಟಾಕ್ ನಂಬರ್ ಕೊಟ್ಟೆವು. ಅದೇ ನಂಬರ್ ಕೀ ಗೊಂಚಲಿನ ಬಿಲ್ಲೆಯ ಮೇಲೆ, ಕಂದು ಕವರ್‌ನ ಮೇಲೆ, ಫೋಟೊಗಳ ಹೆಸರಿನಲ್ಲಿ, ಟ್ಯಾಲಿಯಲ್ಲಿ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಮ್ಮೆಯ ಸಂಗತಿ ಇದು, ಮತ್ತು ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ.

ಮಾರಾಟದ ದಿನಾಂಕ ಬರೆದ ಕೂಡಲೇ ಪಕ್ಕದಲ್ಲಿ 14 ದಿನ, 30 ದಿನದ ಗಡುವು ತಾನೇ ಮೂಡುತ್ತದೆ. ಆರ್‌ಸಿ ಆಗುವವರೆಗೆ ಆ ಸಾಲು ಕೆಂಪಗೇ ಇರುತ್ತದೆ. ವಿಮೆ ವರ್ಗಾವಣೆಗೂ 14 ದಿನದ ಗಡುವಿದೆ, ಅದಕ್ಕೊಂದು ಅಂಕಣ. ಎಚ್‌ಪಿ ಇದ್ದರೆ ಎನ್‌ಒಸಿಯ ಕೊನೆಯ ದಿನಾಂಕಕ್ಕೆ ಇನ್ನೊಂದು. 2023ರ ಏಪ್ರಿಲ್ 1ರಿಂದ ಹಳೇ ವಾಹನ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯುವ ನಿಯಮ ಬಂದಿದೆ. ಅದನ್ನು ಪಡೆದ ವ್ಯಾಪಾರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಸಾರಿಗೆ ಇಲಾಖೆಯ ಪೋರ್ಟಲ್ ಮೂಲಕ ತಿಳಿಸಿದರೆ ಅಲ್ಲಿಂದ ಹೊಣೆ ವ್ಯಾಪಾರಿಯದು, ಹಳೆಯ ಮಾಲೀಕರು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ನಮ್ಮ ಅಂಗಡಿ ಅರ್ಜಿ ಹಾಕಿ ಅದನ್ನು ಪಡೆಯಿತು. ಅದೇ ನಿಯಮದಲ್ಲಿ ಗಾಡಿ ಹೊರಗೆ ಹೋದಾಗಲೆಲ್ಲ, ಟ್ರಯಲ್‌ಗೋ ಪೇಂಟಿಂಗ್‌ಗೋ, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಎಂದು ವಿದ್ಯುನ್ಮಾನ ರಿಜಿಸ್ಟರ್ ಇಡಬೇಕು. ಅದನ್ನು ಹುಡುಗನ ಜವಾಬ್ದಾರಿಗೆ ಬಿಟ್ಟೆವು. ಅವನು ಹೇಳದೇ ಹೋಗುವುದು ನಿಂತಿತು.

ವೆಬ್‌ಸೈಟ್ ಓದುವ ಫೈಲ್ ಬೇರೆ, ಅಂಗಡಿಯ ಫೈಲ್ ಬೇರೆ. ಮೊದಲು ಅವಸರದಲ್ಲಿ ಒಂದೇ ಫೈಲ್ ಇಟ್ಟು, ಕೊಂಡ ಬೆಲೆಯ ಅಂಕಣವನ್ನು ಮರೆಮಾಡಿ ಹಂಚಿದ್ದೆವು. ಮರೆಮಾಡಿದ್ದು ಅಳಿಸಿದಂತಲ್ಲ, ಫೈಲನ್ನು ನಕಲು ಮಾಡಿಕೊಂಡವರು ಒಂದು ಕ್ಲಿಕ್ಕಿಗೆ ತೆರೆದು ನೋಡಬಹುದು ಎಂದು ವೆಬ್‌ಸೈಟ್ ಮಾಡಿದ ಹುಡುಗಿಯೇ ತೋರಿಸಿದಳು. ಯಾವ ವ್ಯಾಪಾರಿಯ ಎದೆ ನಡುಗುವುದಿಲ್ಲ ಹೇಳಿ! ಅವತ್ತೇ ಬೇರೆ ಮಾಡಿದೆವು. ಹೊರಗಿನ ಫೈಲ್‌ನಲ್ಲಿ ಗಾಡಿಯ ಮಾಡೆಲ್, ವರ್ಷ, ಕಿಲೋಮೀಟರ್, ಎಷ್ಟನೇ ಓನರ್, ವಿಮೆ ಎಲ್ಲಿಯವರೆಗೆ, ಬೆಲೆ, ಫೋಟೊ, ಅಷ್ಟೇ.

ಫೋಟೊ ವಿಷಯಕ್ಕೆ ಒಂದು ಮಾತು. ಹುಡುಗನ ಫೋನಿನಲ್ಲಿ ಒಂದೊಂದು ಚಿತ್ರ 4 ಎಂಬಿ. ಗಾಡಿಗೆ ಎಂಟರಂತೆ ಇಪ್ಪತ್ತು ಗಾಡಿಗೆ 640 ಎಂಬಿ. ಸಕಲೇಶಪುರದಾಚೆ ತೋಟದ ಲೈನ್ ಮನೆಯಲ್ಲಿ ಕೂತು ನೋಡುವವರಿಗೆ ಅದು ತೆರೆಯುವ ಹೊತ್ತಿಗೆ ಗಾಡಿಯೇ ಮಾರಿಹೋಗಿರುತ್ತದೆ. ಚಿತ್ರವನ್ನು 150 ಕೆಬಿಗೆ ಇಳಿಸಿ, ಪಟ್ಟಿಯಲ್ಲಿ ಗಾಡಿಗೊಂದೇ ಚಿತ್ರ ಬರುವಂತೆ ಮಾಡಿದರೆ ಒಟ್ಟು 3 ಎಂಬಿ. ಎಂಟರಲ್ಲಿ ಒಂದು ಓಡೊಮೀಟರ್‌ನದು, ಒಂದು ಗೀರು ಬಿದ್ದ ಜಾಗದ್ದು ಇರಲೇಬೇಕು ಎಂಬುದು ಯಜಮಾನರದ್ದೇ ತೀರ್ಮಾನ. ಅದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕನ್ನಡದಲ್ಲೂ ಪಟ್ಟಿ ಇರಲಿ ಎಂದು ಆಕೆ ಹಟ ಹಿಡಿದರು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿದ್ದ ಪಟ್ಟಿಯನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂತು. ಅದು ಯೂನಿಕೋಡ್, ಅಂದರೆ ಎಲ್ಲ ಫೋನು ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತ, ಆಗಿರಲಿಲ್ಲ. ಪರಿವರ್ತಕದಲ್ಲಿ ಹಾಕಿ ತೆಗೆದು, ಒತ್ತಕ್ಷರ ತಪ್ಪಿದ ಕಡೆ ಕೈಯಲ್ಲಿ ತಿದ್ದಿದೆವು.

ನಡೆದದ್ದು, ನಡೆಯದ್ದು

ಮೊದಲ ಮೂರು ವಾರ ಶೀಟ್ ಖಾಲಿ. ಯಜಮಾನರು ಅಭ್ಯಾಸದಂತೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಜೇಬಿಗಿಡುತ್ತಿದ್ದರು, ಮಳೆಗೆ ಕರೆಂಟೂ ಹೋಗುತ್ತಿತ್ತು. ನಾನು ಅವರಿಗೆ ಫೋನಿನಲ್ಲಿ ಕಲಿಸಲು ಹೋಗಿ ಸೋತೆ. ದಾರಿ ಹುಡುಕಿದ್ದು ಆಕೆ. ಡೈರಿ ಬಿಡಿಸಬೇಡಿ ಅಕ್ಕಾ, ಅವರು ಬರೆದದ್ದನ್ನ ರಾತ್ರಿ ನಾನು ಶೀಟಿಗೆ ಹಾಕ್ತೀನಿ, ಆದ್ರೆ ಟೋಕನ್ ಅಡ್ವಾನ್ಸ್ ತಗೊಂಡ ತಕ್ಷಣ ಕೀಯ ಬಿಲ್ಲೆಯನ್ನ ಕೆಂಪು ಮೊಳೆಗೆ ಹಾಕ್ಲಿ ಸಾಕು ಎಂದರು. ಕೆಂಪು ಮೊಳೆಯಲ್ಲಿ ಕೀ ಕಂಡರೆ ಹುಡುಗ ಫೋನಿನಲ್ಲಿ ಆ ನಂಬರನ್ನು 'ಬುಕ್ ಆಗಿದೆ' ಮಾಡುತ್ತಾನೆ. ಆಯುಧಪೂಜೆಯ ನೂಕುನುಗ್ಗಲನ್ನು ಈ ಮೊಳೆಯಿಂದಲೇ ದಾಟಿದೆವು.

ಜನವರಿಯಲ್ಲಿ ಇನ್ನೊಂದು ಪರೀಕ್ಷೆ ಬಂತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೇ ವಾಹನಗಳಿಗೆಲ್ಲ ಒಂದೇ ದರ, ಶೇ 18 ಎಂದು ಶಿಫಾರಸು ಮಾಡಿತು, 2025ರ ಜನವರಿ 16ರ ಅಧಿಸೂಚನೆಯಿಂದ ಅದು ಜಾರಿಗೆ ಬಂತು. ನಮ್ಮ ಆಲ್ಟೊ ಲೆಕ್ಕದಲ್ಲಿ 7,200 ಇದ್ದದ್ದು 10,800 ಆಯಿತು. ಊರಲ್ಲಿ ಪೂರ್ತಿ ಬೆಲೆಗೆ ಹದಿನೆಂಟು ಪರ್ಸೆಂಟಂತೆ ಎಂದು ಸುದ್ದಿ ಹಬ್ಬಿ, ಗಾಡಿ ಕೇಳಿದ್ದ ಇಬ್ಬರು ಹಿಂದೆ ಸರಿದರು. ಅಂತರದ ಮೇಲೆ ಮಾತ್ರ ಎಂದು ಆಕೆ ಶೀಟ್ ತೆರೆದು ತೋರಿಸಿದ ಮೇಲೆ ಒಬ್ಬರು ಮರಳಿ ಬಂದರು. ದರವನ್ನು ಒಂದು ಕೋಶದಲ್ಲಿ, ಜಾರಿಯ ದಿನಾಂಕದೊಂದಿಗೆ ಇಟ್ಟಿದ್ದರಿಂದ ನಮಗೆ ಬದಲಾಯಿಸಲು ಐದು ನಿಮಿಷ ಸಾಕಾಯಿತು. ಹದಿನಾರಕ್ಕಿಂತ ಮೊದಲು ಬಿಲ್ ಆದವು ಹಳೆಯ ದರದಲ್ಲೇ ಉಳಿದವು.

ಆಧಾರ್, ಪ್ಯಾನ್ ಪ್ರತಿಗಳ ವಿಷಯದಲ್ಲಿ ಮಾತ್ರ ನಾವು ತಡಮಾಡಿದೆವು, ನನಗೆ ಇವತ್ತಿಗೂ ಅದರ ಬೇಸರ ಇದೆ. ನೂರಾರು ಜನರ ಗುರುತಿನ ಚೀಟಿಗಳ ಫೋಟೊ ಹುಡುಗನ ಸ್ವಂತ ಫೋನಿನ ಗ್ಯಾಲರಿಯಲ್ಲಿ, ಅವನ ತಂಗಿಯ ಮದುವೆಯ ಚಿತ್ರಗಳ ನಡುವೆ ಇದ್ದವು. ಕಾರು ಕೊಡುಕೊಳ್ಳುವಿಕೆಗೆ ಆಗ ಪ್ಯಾನ್ ಬೇಕಿತ್ತು, ನಿಜ. ಆದರೆ ತೆಗೆದುಕೊಂಡದ್ದನ್ನು ಕಾಯುವ ಹೊಣೆ ನಮ್ಮದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಅದನ್ನೇ. ಈಗ ಅಂಗಡಿಯ ಫೋನಿನಲ್ಲಿ ಮಾತ್ರ ತೆಗೆಯುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆದ ಆಧಾರ್ ನಡೆಯುವ ಕಡೆ ಅದನ್ನೇ ಕೇಳುತ್ತಾರೆ. ಹುಡುಗ ತನ್ನ ಫೋನಿನಿಂದ ಎಲ್ಲವನ್ನೂ ನಮ್ಮೆದುರೇ ಅಳಿಸಿದ.

ವೆಬ್‌ಸೈಟ್‌ನಿಂದ ಎಷ್ಟು ವ್ಯಾಪಾರವಾಯಿತು ಎಂದು ಕೇಳುತ್ತಾರೆ. ಅದರಿಂದಲೇ ಆಯಿತು ಎಂದು ಬೆರಳು ಮಾಡಿ ತೋರಿಸಬಲ್ಲದ್ದು ಕಡಿಮೆ. ಜನ ಈಗಲೂ ಮೊದಲು ಕಳಿಸುವುದು "ಅಣ್ಣ ಆ ಗಾಡಿ ಇದ್ಯಾ" ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನೇ. ಉತ್ತರವಾಗಿ ಆ ಗಾಡಿಯ ಪುಟದ ಕೊಂಡಿ ಹೋಗುತ್ತದೆ. ಸುಳ್ಳು ಬೆಲೆ, ಮಾರಿದ ಗಾಡಿ ಅಲ್ಲಿ ಇರುವುದಿಲ್ಲ ಎಂಬುದು ನಿಧಾನಕ್ಕೆ ಜನರಿಗೆ ಗೊತ್ತಾಗುತ್ತಿದೆ.

ಬೀರುವಿನ 31 ಕವರ್‌ಗಳಲ್ಲಿ ಈಗ ಉಳಿದಿರುವುದು ಐದು. ಮೂರರಲ್ಲಿ ಎನ್‌ಒಸಿ ಇನ್ನೂ ಬರಬೇಕು. ಒಂದನ್ನು ಕೊಂಡವರು ದುಬೈಗೆ ಹೋಗಿದ್ದಾರೆ, ದೀಪಾವಳಿಗೆ ಹಾಸನಾಂಬೆಯ ದರ್ಶನಕ್ಕೆ ಬಂದಾಗ ಸಹಿ ಹಾಕುತ್ತೇನೆ ಎಂದಿದ್ದಾರೆ. ಐದನೆಯದಕ್ಕೆ ಫಾರಂ 28 ಬಂದಿದೆ, ಸೋಮವಾರ ಆರ್‌ಟಿಒ ಕಚೇರಿಗೆ ಹೋಗಬೇಕು. ಸಕಲೇಶಪುರದ ಹಿರಿಯರ ಗಾಡಿ ಹೊಸಬರ ಹೆಸರಿಗಾದ ದಿನ ಆಕೆ ಪೋರ್ಟಲ್‌ನಲ್ಲಿ ಬಂದ ಹೊಸ ಹೆಸರಿನ ಚಿತ್ರ ತೆಗೆದು ಅವರಿಗೆ ಕಳಿಸಿದರು. "ಆಯ್ತಮ್ಮ, ಒಳ್ಳೇದಾಯ್ತು, ಮುಂದಿನ ತಿಂಗಳು ಮಗನ ಜೀಪ್ ತಂದು ನಿಲ್ಲಿಸ್ತೀನಿ" ಎಂದು ಉತ್ತರ ಬಂತು. ಆ ಜೀಪಿಗೆ ಸ್ಟಾಕ್ ನಂಬರ್ 118 ಎಂದು ಆಕೆ ಬಿಲ್ಲೆ ಬರೆದಿಟ್ಟಿದ್ದಾರೆ.